ಹನ್ನೊಂದು ಕಡೆ ಸೊಟ್ಟಗಿರುವ ಗೆರೆ

ಬೆಳಗಿನ ಐದು ಗಂಟೆ. ಆಸ್ಪತ್ರೆ ರಸ್ತೆಯ ದೀಪಗಳು ಇನ್ನೂ ಆರಿಲ್ಲ, ಆಕಾಶ ಬೆಳಗಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದೆ. ರಸ್ತೆಯ ಅಂಚಿನಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕೂತು ಬಲಗೈ ಚಾಚಿ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ನೆಲ ಅಳೆಯುತ್ತಿದ್ದಾರೆ. ಒಂದು ಗೇಣು. ಎದ್ದು ನಿಲ್ಲುತ್ತಾರೆ. ಮತ್ತೆ ಕೂರುತ್ತಾರೆ. ಮತ್ತೆ ಒಂದು ಗೇಣು. ಅದೇ ಜಾಗ, ಅದೇ ಕೈ, ಅದೇ ಉತ್ತರ. ನಾನು ನೋಡುತ್ತಿದ್ದ ಹಾಗೇ ಸಾವಿರ ಸಲ ಅಳೆದರು. ಸರಿ, ಒಂಬತ್ತು ಸಲ. ಆದರೆ ಒಂದೊಂದು ಸಲವೂ ನೂರರಷ್ಟು ಉದ್ದವಾಗಿತ್ತು.

ಅವರ ಹಿಂದೆ ಕೈಗಾಡಿಯ ಮೇಲೆ ಬಿಳಿ ಬಣ್ಣ ಕುದಿಯುವ ಹಂಡೆ, ಅದರ ಕೆಳಗೆ ಗ್ಯಾಸಿನ ಉರಿ. ಹಂಡೆಯನ್ನು ಕೋಲಿನಿಂದ ತಿರುವುತ್ತಿರುವವನು ಅವರ ಮೈದುನ.

"ಅತ್ತಿಗೆ, ನೆಲ ಏನು ಎಳೆ ಮಗುವಾ, ದಿನಾ ಅಳತೆ ನೋಡೋಕೆ?" ಎನ್ನುತ್ತಾನೆ.

"ನೀನು ಹಂಡೆ ನೋಡ್ಕೊಳೋ. ತಳ ಹಿಡೀತು ಅಂದ್ರೆ ಅದನ್ನ ನಿನ್ನ ತಲೆಗೇ ಬಳೀತೀನಿ," ಎಂದು ಹಿಂದಿರುಗಿ ನೋಡದೆ ಅವರು ಹೇಳುತ್ತಾರೆ.

ಈ ಹೆಂಗಸಿಗೆ ವಾರ್ಡಿನವರು ಇಟ್ಟಿರುವ ಹೆಸರು ಗೆರೆಯಕ್ಕ. ರಸ್ತೆ ನಡುವಿನ ಬಿಳಿ ಗೆರೆ, ಅಂಚಿನ ಹಳದಿ ಗೆರೆ, ಶಾಲೆ ಮುಂದಿನ ದಾಟುವ ಪಟ್ಟೆ, ಬಾಣ, ಸೈಕಲ್ಲಿನ ಚಿತ್ರ, ಎಲ್ಲವೂ ಇವರ ಕೈಯದೇ. ಇಪ್ಪತ್ತೇಳು ವರ್ಷಗಳಲ್ಲಿ ಇವರು ಎಳೆದ ಗೆರೆಗಳನ್ನೆಲ್ಲ ಕಿತ್ತು ಒಂದರ ತುದಿಗೊಂದು ಗಂಟು ಹಾಕಿದರೆ ಚಂದ್ರನಿಗೆ ಎರಡು ಸುತ್ತು ಬಂದು, ಮಿಕ್ಕದ್ದರಲ್ಲಿ ಅಲ್ಲೇ ಬಟ್ಟೆ ಒಣಗಿಸುವ ಹಗ್ಗ ಕಟ್ಟಬಹುದು. ಈ ಲೆಕ್ಕ ನನ್ನದು. ಅವರಿಗೂ ಹೇಳಿದೆ. "ಅಷ್ಟೆಲ್ಲ ಏನಿಲ್ಲ. ದಿನಕ್ಕೆ ನಾನೂರು ಮೀಟರ್. ಮಳೆ ಬಂದ್ರೆ ಸೊನ್ನೆ," ಎಂದರು.

ಬೇರೆ ವಾರ್ಡಿನವರು ದಾರ ಹಿಡಿದು ಗೆರೆ ಎಳೆಯುತ್ತಾರೆ. ಗೆರೆಯಕ್ಕನ ಗೆರೆ ಹಿಡಿದು ದಾರ ನೆಟ್ಟಗಿದೆಯೇ ಎಂದು ನೋಡಬಹುದು. ಅಂಥವರು ಈ ರಸ್ತೆಯ ಸೈಕಲ್ ದಾರಿಯ ಗೆರೆಯನ್ನು ಹನ್ನೊಂದು ಕಡೆ ಸೊಟ್ಟ ಮಾಡಿದ್ದಾರೆ. ಕೈ ತಪ್ಪಿ ಅಲ್ಲ, ಬೇಕೆಂದೇ. ಅದೇ ಈಗ ಅವರ ನಿದ್ದೆ ಕೆಡಿಸಿದೆ.

ವಿಷಯ ಇಷ್ಟು. ಆಸ್ಪತ್ರೆ ರಸ್ತೆಯ ಉದ್ದ ಎರಡು ಕಿಲೋಮೀಟರ್ ಮುನ್ನೂರು ಮೀಟರ್. ನಾಲ್ಕು ವರ್ಷದ ಹಿಂದೆ ವಾರ್ಡ್ ಸಭೆಯಲ್ಲಿ ಜನ ಕೂತು, ಬೈದಾಡಿ, ಎದ್ದು ಹೋಗಿ, ಮತ್ತೆ ಬಂದು ಕೂತು, ಕೊನೆಗೆ ರಸ್ತೆಯ ಎಡಗಡೆ ಅಂಚುಗಲ್ಲಿನಿಂದ ನಾಲ್ಕು ಅಡಿ ಜಾಗ ಸೈಕಲ್ಲಿಗೆ ಎಂದು ಒಪ್ಪಿದರು. ಮಹಾಯುದ್ಧಗಳೆರಡೂ ಸೇರಿದರೂ ಅಷ್ಟು ಗದ್ದಲ ಆಗಿರಲಿಕ್ಕಿಲ್ಲ. ಒಪ್ಪಿದ ಮಾರನೆಯ ದಿನವೇ ಗೆರೆಯಕ್ಕ ನಕ್ಷೆಯಲ್ಲಿದ್ದಂತೆ ನೆಟ್ಟಗೆ ಗೆರೆ ಎಳೆದು ಕೊಟ್ಟರು.

ಆದರೆ ನಕ್ಷೆಯಲ್ಲಿ ಚರಂಡಿಯ ಜಾಲರಿಗಳು ಇರಲಿಲ್ಲ. ನೆಲದ ಮೇಲೆ ಇದ್ದವು. ಒಟ್ಟು ಹನ್ನೊಂದು ಕಬ್ಬಿಣದ ಜಾಲರಿ. ಒಂದೊಂದೂ ಅಂಚುಗಲ್ಲಿನಿಂದ ಎರಡೂವರೆ ಅಡಿ ರಸ್ತೆಯೊಳಕ್ಕೆ ಬಂದಿದೆ. ಸರಳುಗಳು ಅಡ್ಡಕ್ಕೆ ಇದ್ದಿದ್ದರೆ ತೊಂದರೆಯಿರಲಿಲ್ಲ. ಇವು ರಸ್ತೆಯ ಉದ್ದಕ್ಕೇ ಇವೆ, ಸರಳಿಗೂ ಸರಳಿಗೂ ನಡುವೆ ಎರಡು ಬೆರಳು ಸಂದು. ಸೈಕಲ್ಲಿನ ಚಕ್ರವನ್ನು ಹಿಡಿಯಲೆಂದೇ ಯಾರೋ ಕೂತು ಕಡೆದಿಟ್ಟ ಬೋನಿನ ಹಾಗೆ.

ಮೊದಲ ವಾರದಲ್ಲೇ ಬೋನಿಗೆ ಒಬ್ಬರು ಬಿದ್ದರು. ಬೇಕರಿಯಿಂದ ಅಂಗಡಿಗಳಿಗೆ ಸೈಕಲ್ಲಿನಲ್ಲಿ ಬ್ರೆಡ್ ಹಾಕುವವರು. ಹಿಂದೆ ಎರಡು ಪಕ್ಕಕ್ಕೂ ತಗಡಿನ ಪೆಟ್ಟಿಗೆ, ಸೈಕಲ್ಲಿನ ಅಗಲ ಮೂರೂವರೆ ಅಡಿ. ಗೆರೆ ಇಲ್ಲದಿದ್ದಾಗ ಅವರು ನಡುರಸ್ತೆಯಲ್ಲಿ, ಕಾರಿನವರ ಬೈಗುಳ ಕೇಳಿಕೊಂಡು, ಜೀವಂತವಾಗಿ ಹೋಗುತ್ತಿದ್ದರು. ಗೆರೆ ಬಂದ ಮೇಲೆ ಗೆರೆಯ ಒಳಗೆ ಬಂದರು. ಆರನೆಯ ಜಾಲರಿಯಲ್ಲಿ ಮುಂದಿನ ಚಕ್ರ ಸಿಕ್ಕಿಕೊಂಡು ಹೆಗಲ ಮೇಲೆ ಬಿದ್ದು ಕೊರಳೆಲುಬು ಮುರಿಯಿತು. ಆ ಬ್ರೆಡ್ಡಿನವರು ಗೆರೆಯಕ್ಕನ ಗಂಡ.

ಎರಡು ಕೋಣೆಯ ಅವರ ಮನೆಯಲ್ಲಿ, ಹಿಂದಿನ ದಿನ ಮಾರಾಟವಾಗದೆ ಉಳಿದ ಬ್ರೆಡ್ಡನ್ನು ಸುಟ್ಟು ತಿನ್ನುತ್ತ ಅವರೇ ನನಗೆ ಆ ಕಥೆ ಹೇಳಿದರು. ಎಡ ಹೆಗಲು ಈಗಲೂ ಬಲಕ್ಕಿಂತ ಒಂದು ಬೆರಳು ಕೆಳಗಿದೆ. ಎಡಗೈಯಲ್ಲಿ ಪೆಟ್ಟಿಗೆ ಎತ್ತಲಾಗುವುದಿಲ್ಲ.

"ನೋಡಿ, ಮದುವೆಯಾದ ಲಾಗಾಯ್ತು ಇವಳು ಹಾಕಿದ ಗೆರೆ ದಾಟಿಲ್ಲ ನಾನು," ಎಂದರು. "ಊರಲ್ಲಿ ಎಲ್ಲಾ ಗಂಡಂದ್ರೂ ಹಾಗಂತಾರೆ. ಸಾಕ್ಷಿಗೆ ಮೂಳೆ ಮುರಿದಿರೋದು ನನ್ನದೊಂದೇ."

ಒಲೆಯ ಮುಂದಿದ್ದ ಗೆರೆಯಕ್ಕ ನಗಲಿಲ್ಲ. "ಇದನ್ನ ಅವರು ನಾಲ್ಕು ವರ್ಷದಿಂದ ಹೇಳ್ತಿದಾರೆ," ಎಂದು ನನ್ನ ಕಡೆ ತಿರುಗಿದರು. "ಎಲ್ಲಿ ಹೋಗ್ಬೇಕು ಅಂತ ಗೆರೆ ಹೇಳುತ್ತೆ. ಜನ ನಂಬ್ತಾರೆ. ಅವರನ್ನ ಅಲ್ಲಿಗೆ ಕಳಿಸಿದ್ದು ನಾನು ತಾನೇ?"

ಗಂಡನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮಾರನೆಯ ಬೆಳಿಗ್ಗೆ ಗೆರೆಯಕ್ಕ ಕೈಗಾಡಿ ತಳ್ಳಿಕೊಂಡು ಹೋದರು. ಪ್ರತಿ ಜಾಲರಿಯ ಎದುರಿಗೂ ಹಳೆ ಗೆರೆ ಉಜ್ಜಿ ತೆಗೆದು, ಒಂದು ಗೇಣು ಆಚೆಗೆ, ಕಾರುಗಳ ಕಡೆಗೆ, ಉಬ್ಬಿಸಿ ಎಳೆದರು. ಲೆಕ್ಕ ಅವರ ನಾಲಿಗೆಯ ತುದಿಯಲ್ಲಿದೆ. ನಾಲ್ಕು ಅಡಿಯಲ್ಲಿ ಎರಡೂವರೆ ಜಾಲರಿಗೆ ಹೋದರೆ ಉಳಿಯುವುದು ಒಂದೂವರೆ. ಬ್ರೆಡ್ ಸೈಕಲ್ಲಿನ ಅರ್ಧ ಅಗಲ ಒಂದೂಮುಕ್ಕಾಲು. ಪೆಟ್ಟಿಗೆ ಗೆರೆ ದಾಟಬಾರದು ಎಂದರೆ ಚಕ್ರ ಜಾಲರಿಯ ಮೇಲೆ ಹೋಗಲೇಬೇಕು. ಒಂದು ಗೇಣು ಸೇರಿಸಿದರೆ ಚಕ್ರ ತಪ್ಪಿಸಿಕೊಳ್ಳುತ್ತದೆ, ಮೇಲೆ ಅರ್ಧ ಅಡಿ ಉಳಿಯುತ್ತದೆ. ಆ ಅರ್ಧ ಅಡಿಗೆ ಅವರು ಇಟ್ಟಿರುವ ಹೆಸರು 'ಉಸಿರು'. ಅವತ್ತಿನಿಂದ ಈವರೆಗೆ ಆ ರಸ್ತೆಯಲ್ಲಿ ಸೈಕಲ್ಲಿನಿಂದ ಒಬ್ಬರೂ ಬಿದ್ದಿಲ್ಲ. ಇದು ಮಾತ್ರ ನಾನು ಉಬ್ಬಿಸಿ ಹೇಳಿದ್ದಲ್ಲ, ಆಸ್ಪತ್ರೆಯ ಪುಸ್ತಕ ನೋಡಿ ಬಂದಿದ್ದೇನೆ.

ವಾರ್ಡಿನ ಇಂಜಿನಿಯರಿಗೆ ಇದು ಗೊತ್ತು. ಮೂವತ್ತು ದಾಟದ ಹುಡುಗ, ಮೀಸೆಗಿಂತ ಕಡತ ಜಾಸ್ತಿ. ಜಾಲರಿ ಬದಲಿಸಿ ಎಂದು ಚರಂಡಿ ಇಲಾಖೆಗೆ ಮೂರು ಪತ್ರ ಬರೆದಿದ್ದಾರೆ. ಮೂರಕ್ಕೂ ಒಂದೇ ಉತ್ತರ ಬಂದಿದೆ: ನೀರು ಸರಿಯಾಗಿ ಹರಿಯುತ್ತಿದೆಯಷ್ಟೆ, ಸೈಕಲ್ ನಮ್ಮ ವಿಭಾಗಕ್ಕೆ ಬರುವುದಿಲ್ಲ. ಕೊನೆಗೆ ಅವರು ವರ್ಷಕ್ಕೊಂದು ಸಲ ಗೆರೆ ಪರಿಶೀಲಿಸಿದ ಕಾಗದದ ಮೇಲೆ 'ನಕ್ಷೆಯಂತೆ ಇದೆ' ಎಂದು ಬರೆದು, ಕಣ್ಣು ಮುಚ್ಚಿಕೊಂಡು ಸಹಿ ಹಾಕತೊಡಗಿದರು.

ಹೀಗೆ ನಡೆಯುತ್ತಿದ್ದಾಗಲೇ, ಹೋದ ತಿಂಗಳು ಮೇಲಿನ ಕಚೇರಿಯಿಂದ ಹೊಸ ಆದೇಶ ಬಂತು. ಮೇಲಿನ ಕಚೇರಿ ಇರುವುದು ರೈಲಿನಲ್ಲಿ ಏಳು ಗಂಟೆ ದೂರದಲ್ಲಿ. ಅಲ್ಲಿ ಕೂತವರಿಗೆ ನಮ್ಮ ಆಸ್ಪತ್ರೆ ರಸ್ತೆ ಒಂದು ಬೆರಳುದ್ದದ ಗೀಟು. ಆದೇಶದ ಪ್ರಕಾರ ಎಲ್ಲ ವಾರ್ಡುಗಳ ಸೈಕಲ್ ದಾರಿಯನ್ನೂ ನಕ್ಷೆಗೆ ಹಿಡಿದು ಅಳೆಯಬೇಕು. ಎಲ್ಲಾದರೂ ಒಂದು ಕಡೆ ಎರಡು ಇಂಚಿಗಿಂತ ಹೆಚ್ಚು ವ್ಯತ್ಯಾಸ ಕಂಡರೂ ಇಡೀ ದಾರಿಯನ್ನು ಅಳಿಸಬಹುದು. ಅಷ್ಟೇ ಅಲ್ಲ, ಅಳತೆ ತಪ್ಪಿದ ವಾರ್ಡು ಇನ್ನು ಮೇಲೆ ತನ್ನ ಬೀದಿಗಳ ನಕ್ಷೆಯನ್ನು ತಾನು ಮಾಡುವಂತಿಲ್ಲ. ಮೇಲಿನವರೇ ಮಾಡಿ ಕಳಿಸುತ್ತಾರೆ. ಒಂದು ಗೇಣು ಎಂದರೆ ಒಂಬತ್ತು ಇಂಚು.

"ನನ್ನ ಗಂಡನಿಗೋಸ್ಕರ ಎಳೆದಿದ್ದು ಹೋಗಿ ಹೋಗಿ ಇಡೀ ವಾರ್ಡಿನ ಕುತ್ತಿಗೆಗೆ ಬಂತು," ಎಂದು ಗೆರೆಯಕ್ಕ ಹೇಳುತ್ತಾರೆ. "ಅಳಿಸೋ ಕೆಲಸಾನೂ ನಂಗೇ ಕೊಡ್ತಾರೆ. ಉಜ್ಜೋ ಮೆಷಿನ್ ಇರೋದು ನನ್ನ ಹತ್ರ ತಾನೇ?"

ಹಾರ್ಡ್‌ವೇರ್ ಅಂಗಡಿಯ ಮಾಲೀಕರು ಈ ಸುದ್ದಿ ಕೇಳಿ ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಸೈಕಲ್ ದಾರಿಯ ಪರಮ ಶತ್ರು ಅವರು. ಅಂಗಡಿ ಮುಂದೆ ಗಿರಾಕಿಗಳ ಕಾರು ನಿಲ್ಲುವ ಜಾಗ ಹೋಯಿತು ಎಂದು ಮೂರು ವರ್ಷ ಒಂದು ಸಭೆಯನ್ನೂ ಬಿಡದೆ ಬಂದು ಕೂಗಿದವರು. ಅವರ ದನಿಗೆ ಸಭಾಂಗಣದ ಗಾಜು ಎರಡು ಸಲ ಒಡೆದಿದೆ ಎಂದು ನಾನು ಹೇಳುತ್ತೇನೆ, ನೀವು ನಂಬಬೇಡಿ. ಆದರೆ ಅವರ ಮುಖ ಹುಳ್ಳಗಿತ್ತು.

"ಆ ಗೆರೆ ಕಂಡ್ರೆ ನಂಗೆ ಆಗಲ್ಲ, ಸರಿ," ಎಂದರು. "ಆದ್ರೆ ಸಿಟ್ಟು ಬಂದಾಗ ವಾರ್ಡ್ ಆಫೀಸಿಗೆ ಹೋಗಿ ಮೇಜು ಗುದ್ದಿ ಬರ್ತಿದ್ದೆ. ಈ ಅಕ್ಕನ್ನ ರಸ್ತೇಲೇ ನಿಲ್ಲಿಸಿ ಬೈತಿದ್ದೆ. ಆಯಮ್ಮ ಬೈಸ್ಕೊಂಡು, ಲೋಡ್ ಇಳಿಸೋಕೆ ಅಂತ ಅಂಗಡಿ ಮುಂದೆ ಎರಡು ಗಾಡಿ ಜಾಗ ಗುರುತು ಹಾಕಿಸಿಕೊಟ್ಲು. ಇನ್ನು ಮೇಲೆ ಯಾರ ಹತ್ರ ಜಗಳ ಆಡ್ಲಿ? ಏಳು ಗಂಟೆ ರೈಲಿನಲ್ಲಿ ಹೋಗಿ ಬೈದು ಬರೋಕಾಗುತ್ತಾ? ಅಲ್ಲಿಗೆ ಹೋಗೋ ಹೊತ್ತಿಗೆ ಸಿಟ್ಟೇ ಇಳಿದಿರುತ್ತೆ."

ಗೆರೆಯಕ್ಕ ಈ ಕೆಲಸಕ್ಕೆ ಬಂದದ್ದು ಕೆಂಪು ಬಾವುಟ ಹಿಡಿಯಲು. ಗಂಡಸರು ಗೆರೆ ಎಳೆಯುವಾಗ ವಾಹನ ತಡೆಯಬೇಕಿತ್ತು. ಬಾವುಟವನ್ನು ಕಂಡೂ ನಿಲ್ಲದ ಬೈಕೊಂದು ಪಾದದ ಮೇಲೆ ಹರಿದು ಎರಡು ಬೆರಳು ಜಜ್ಜಿಹೋದವು. "ಬಾವುಟಕ್ಕೆ ಯಾರೂ ನಿಲ್ಲಲ್ಲ, ಗೆರೆಗೆ ನಿಲ್ತಾರೆ," ಎಂದು ಆಗ ಅನ್ನಿಸಿತಂತೆ. ಎರಡು ವರ್ಷ ನೋಡಿ ನೋಡಿ ಕಲಿತರು. ಇನ್ನೂರು ಡಿಗ್ರಿ ಕಾದ ಬಣ್ಣ. ಮೊಣಕೈಯಿಂದ ಕೆಳಗೆ ಸುಟ್ಟ ಕಲೆಗಳು ಎಷ್ಟಿವೆಯೆಂದರೆ ನಕ್ಷತ್ರ ಎಣಿಸುವವರು ಇಲ್ಲಿ ಅಭ್ಯಾಸ ಮಾಡಿ ಹೋಗಬಹುದು. ಮಂಡಿಗೆ ಹಳೆ ಟೈರಿನ ತುಂಡು ಕಟ್ಟಿಕೊಳ್ಳುತ್ತಾರೆ. ಬಣ್ಣ ಆರುವ ಮೊದಲೇ ಅದರ ಮೇಲೆ ಗಾಜಿನ ಪುಡಿ ಉದುರಿಸಬೇಕು, ಆಗಲೇ ಗೆರೆ ಕತ್ತಲಲ್ಲಿ ಹೊಳೆಯುವುದು. ಆ ಪುಡಿ ಉಗುರಿನ ಸಂದಿಗೆ ಸೇರಿ, ಅನ್ನ ಕಲಸುವಾಗಲೂ ಚುಚ್ಚುತ್ತದೆ. ದಿನಕ್ಕೆ ಇಪ್ಪತ್ತೈದು ಕೆಜಿಯ ಆರು ಮೂಟೆ ಬಣ್ಣ ಎತ್ತಬೇಕು. ಎಂಟು ಗಂಟೆಯೊಳಗೆ ರಸ್ತೆ ಬಿಟ್ಟುಕೊಡಬೇಕು.

ಮೈದುನನಿಗೊಂದು ಉಪಾಯ ಹೊಳೆದಿತ್ತು. ಅಳತೆಗೆ ಬರುವುದು ಗುರುವಾರ. ನಾನು ಅವರನ್ನು ನೋಡಿದ್ದು ಮಂಗಳವಾರ. ಹನ್ನೊಂದು ಉಬ್ಬನ್ನೂ ಉಜ್ಜಿ ತೆಗೆದು ನೆಟ್ಟಗೆ ಎಳೆದುಬಿಡುವುದು, ಅಳತೆಯವರು ಹೋದ ಮೇಲೆ ಮೊದಲಿನಂತೆ ಮಾಡುವುದು. ಬಣ್ಣ ಕಾಯಿಸಿಯೂ ಆಗಿತ್ತು. ಗೆರೆಯಕ್ಕ ಒಂಬತ್ತು ಸಲ ನೆಲ ಅಳೆಯುತ್ತಿದ್ದುದು ಅದೇ ಗೊಂದಲದಲ್ಲಿ.

"ಮೂರು ದಿನದ ಮಟ್ಟಿಗೆ ಅತ್ತಿಗೆ. ಯಾರಿಗೆ ಗೊತ್ತಾಗುತ್ತೆ?"

"ಜಾಲರಿಗೆ ಗೊತ್ತಾಗುತ್ತೆ ಕಣೋ."

"ಅಣ್ಣನಿಗೆ ಹೇಳಿದ್ರಾಯ್ತು, ಮೂರು ದಿನ ಹುಷಾರಾಗಿ ಹೋಗು ಅಂತ."

"ನಿಮ್ಮಣ್ಣ ಒಬ್ಬರೇನಾ ಓಡಾಡೋದು? ದಿನಕ್ಕೆ ಆರುನೂರ ನಲವತ್ತು ಸೈಕಲ್. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಬರೋ ನರ್ಸುಗಳಿದ್ದಾರೆ. ಅವರ ಮನೆಮನೆಗೆ ಹೋಗಿ ಹೇಳ್ತೀಯಾ?"

ಮೈದುನ ಕೋಲು ತಿರುವುವುದನ್ನು ನಿಲ್ಲಿಸಿ ಲೆಕ್ಕ ಹಾಕಿದ. ಆಮೇಲೆ ಗ್ಯಾಸ್ ಆರಿಸಿದ. ಕಾಯಿಸಿದ ಬಣ್ಣ ಹಂಡೆಯಲ್ಲೇ ಗಟ್ಟಿಯಾಯಿತು. ಅದನ್ನು ಉಳಿ ಹಿಡಿದು ಕೆತ್ತಿ ತೆಗೆಯಲು ಅವನಿಗೆ ಇಡೀ ಮಧ್ಯಾಹ್ನ ಬೇಕಾಯಿತು. ಹಿಮಾಲಯ ಕೆತ್ತುವುದು ಅದಕ್ಕಿಂತ ಸುಲಭ ಎಂದು ಅವನ ಅಂಬೋಣ, ನನ್ನದೂ.

ಗುರುವಾರ ಬೆಳಿಗ್ಗೆ ಏಳಕ್ಕೆ ಅಳತೆಯ ಅಧಿಕಾರಿ ಬರುತ್ತಾರೆ. ನಡುವಯಸ್ಸಿನ ಹೆಂಗಸು, ಕಾಲಿಗೆ ಓಟದ ಬೂಟು, ಕೈಯಲ್ಲಿ ಉಕ್ಕಿನ ಟೇಪು. ಮಾತು ಕಡಿಮೆ. ಗೆರೆಯಕ್ಕ ಬೆಳಿಗ್ಗೆಯಿಂದ ನೀರು ಕೂಡ ಕುಡಿದಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ. ಇಂಜಿನಿಯರ್ ಕಡತವನ್ನು ಎದೆಗೆ ಅವುಚಿಕೊಂಡಿದ್ದಾರೆ. ಮೈದುನ ಟೇಪಿನ ಒಂದು ತುದಿ ಹಿಡಿಯುತ್ತಾನೆ.

ಅಧಿಕಾರಿ ಅಳೆಯುವುದು ನೂರು ಮೀಟರಿಗೆ ಒಂದು ಕಡೆ. ಮೊದಲನೆಯದು, ನಾಲ್ಕು ಅಡಿ. ಎರಡನೆಯದು, ನಾಲ್ಕು ಅಡಿ. ಜಾಲರಿಗಳೆಲ್ಲ ಆ ಗುರುತುಗಳ ನಡುವೆಯೇ ಬೀಳುತ್ತವೆ, ಒಂದೂ ಎದುರಾಗುವುದಿಲ್ಲ. ಉಬ್ಬು ನೋಡದ ಕಣ್ಣೇನಲ್ಲ ಅವರದು, ಆದರೆ ಕಣ್ಣಿರುವುದು ಟೇಪಿನ ಮೇಲೆ. ಹತ್ತು, ಹದಿನೈದು, ಇಪ್ಪತ್ತು. ಮೈದುನನ ತುಟಿಯಲ್ಲಿ ಸಿಳ್ಳೆ ಮೂಡುವುದೊಂದು ಬಾಕಿ. ಇಪ್ಪತ್ಮೂರನೆಯದೂ ನಾಲ್ಕು ಅಡಿಯೇ. ಇಂಜಿನಿಯರ್ ಬಿಟ್ಟ ಉಸಿರಿಗೆ ಪಕ್ಕದ ಮರದ ಎಲೆ ಉದುರಿದವು.

ಅಧಿಕಾರಿ ಸಹಿ ಹಾಕುವ ಮೊದಲು ನಿಯಮದಂತೆ ಕಾಗದದ ಕೊನೆಯ ಸಾಲನ್ನು ಗಟ್ಟಿಯಾಗಿ ಓದುತ್ತಾರೆ. "ಸದರಿ ದಾರಿಯು ಉದ್ದಕ್ಕೂ ನೇರವಾಗಿದ್ದು, ಮುಂದೆ ಬಣ್ಣ ಹಾಕುವವರು ಇದೇ ಅಳತೆಯನ್ನು ಅನುಸರಿಸತಕ್ಕದ್ದು."

"ಮುಂದೆ ಹಾಕೋರು ಅಂದ್ರೆ ಯಾರು ಮೇಡಂ?" ಗೆರೆಯಕ್ಕ ಕೇಳುತ್ತಾರೆ.

"ಮುಂದಿನ ವರ್ಷದಿಂದ ಮೆಷಿನ್ ಬರುತ್ತಮ್ಮ. ಈ ಕಾಗದ ನೋಡ್ಕೊಂಡು ಅದೇ ಎಳ್ಕೊಂಡು ಹೋಗುತ್ತೆ."

"ಅತ್ತಿಗೆ," ಮೈದುನ ಹಲ್ಲು ಕಚ್ಚಿ ಮೆಲ್ಲಗೆ ಹೇಳುತ್ತಾನೆ, "ಬಾಯಿ."

ಅಷ್ಟರಲ್ಲಿ ಬಾಯಿ ತೆರೆದಾಗಿದೆ. "ಹಾಗಾದ್ರೆ ಅದು ಸುಳ್ಳು ಮೇಡಂ. ನೆಟ್ಟಗಿಲ್ಲ. ಹನ್ನೊಂದು ಕಡೆ ಸೊಟ್ಟಗಿದೆ. ಬನ್ನಿ ತೋರಿಸ್ತೀನಿ."

ಗೆದ್ದ ಪಂದ್ಯವನ್ನು ಎದುರಾಳಿಯ ಮನೆಗೆ ಹೋಗಿ ಕೊಟ್ಟು ಬಂದವರನ್ನು ನಾನು ಈ ಹಿಂದೆ ಕಂಡಿಲ್ಲ. ಆರನೆಯ ಜಾಲರಿಯ ಹತ್ತಿರ ಗೆರೆಯಕ್ಕ ಮಂಡಿಯೂರಿ ಗೇಣು ಹಾಕಿ ತೋರಿಸುತ್ತಾರೆ. ಅಧಿಕಾರಿ ಟೇಪು ಹಿಡಿಯುತ್ತಾರೆ. ನಾಲ್ಕು ಅಡಿ ಒಂಬತ್ತು ಇಂಚು.

"ಹೀಗೆ ಮಾಡೋಕೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ, ನಾನೇ ಮಾಡಿದ್ದು."

"ಇಲ್ಲ ಮೇಡಂ, ನಾನು ಹೇಳಿದ್ದು," ಇಂಜಿನಿಯರ್ ಮುಂದೆ ಬರುತ್ತಾರೆ. "ಸಹಿ ನಂದಿದೆ."

"ಸಾರ್, ನೀವು ಸುಮ್ಮನಿರಿ. ಎಳೆದಾಗ ನೀವಿನ್ನೂ ಈ ಆಫೀಸಿಗೇ ಬಂದಿರಲಿಲ್ಲ."

"ಬಂದ ಮೇಲೆ ನೋಡಿದ್ದೀನಲ್ಲಕ್ಕ. ನೋಡಿ ಸಹಿ ಹಾಕಿದ್ದೀನಲ್ಲ."

"ಅವರು ಚಿಕ್ಕವರು ಮೇಡಂ, ಹೋದ ವರ್ಷ ಮದುವೆಯಾಗಿದೆ, ಅವರ ಹೆಸರು ಬರೀಬೇಡಿ."

"ಮದುವೆಗೂ ಇದಕ್ಕೂ ಏನಕ್ಕ ಸಂಬಂಧ?"

ಅಪರಾಧಕ್ಕೆ ಹೀಗೆ ಕಿತ್ತಾಡುವವರನ್ನು ಅಧಿಕಾರಿಯೂ ಕಂಡಿಲ್ಲವೆಂದು ಕಾಣುತ್ತದೆ. ಅವರು ಇಬ್ಬರನ್ನೂ ಬಿಟ್ಟು ಬಗ್ಗಿ, ಸರಳುಗಳ ಸಂದು ಎಷ್ಟಿದೆ ನೋಡಲು ಕೈಯಲ್ಲಿದ್ದ ಪೆನ್ನನ್ನು ಅಡ್ಡ ಹಿಡಿಯುತ್ತಾರೆ. ಪೆನ್ನು ಜಾರಿ ಸಂದಿನೊಳಗೆ ಬೀಳುತ್ತದೆ. ಕೆಳಗೆ ನೀರಿನಲ್ಲಿ ಬಿದ್ದ ಸದ್ದಿಗೆ ನಾಲ್ವರೂ ಸಂದಿನೊಳಗೆ ಇಣುಕುತ್ತಾರೆ.

"ಪೆನ್ ಕೊಡಿ," ಎಂದು ಇಂಜಿನಿಯರಿನ ಕಡೆ ಕೈ ಚಾಚುತ್ತಾರೆ. ಆ ಪೆನ್ನಿನಿಂದಲೇ ಹನ್ನೊಂದು ವ್ಯತ್ಯಾಸಗಳನ್ನೂ ಬರೆಯುತ್ತಾರೆ, ಒಂದೂ ಬಿಡದೆ. ಪಕ್ಕದ ಖಾಲಿ ಜಾಗದಲ್ಲಿ ಪ್ರತಿ ಜಾಲರಿಯ ಅಗಲವನ್ನೂ ಸಂದಿನ ಅಳತೆಯನ್ನೂ ಬರೆಯುತ್ತಾರೆ. ಅದನ್ನು ಬರೆಯಲು ನಿಯಮದಲ್ಲಿ ಹೇಳಿಲ್ಲ.

"ನನ್ನ ಕೈಲಿರೋದು ಬರೆಯೋದು ಮಾತ್ರ ಅಮ್ಮ. ಉಳಿಸೋದು ಅಳಿಸೋದು ಮೇಲಿನವರು," ಎಂದು ಗೆರೆಯಕ್ಕನಿಗೆ ಹೇಳುತ್ತಾರೆ. "ಮೂವತ್ತು ದಿನ ಟೈಮಿದೆ. ಯಾಕೆ ಹೀಗೆ ಎಳೆದ್ರಿ ಅಂತ ವಾರ್ಡಿನವರು ಉತ್ತರ ಕೊಡಬೇಕು. ನಕ್ಷೆ ಸಮೇತ."

ಆ ನಕ್ಷೆ ಈವರೆಗೆ ಯಾವ ಕಾಗದದ ಮೇಲೂ ಇರಲಿಲ್ಲ. ಅವತ್ತು ಸಂಜೆ ವಾರ್ಡ್ ಆಫೀಸಿನ ಮೇಜಿನ ಮೇಲೆ ಇಂಜಿನಿಯರ್ ಕಾಗದ ಹಾಸುತ್ತಾರೆ. ಗೆರೆಯಕ್ಕ ಪಕ್ಕದಲ್ಲಿ ನಿಂತು, ಎಲ್ಲಿ ಗೆರೆ ತಿರುಗಲು ಶುರುವಾಗುತ್ತದೆ, ಎಲ್ಲಿ ಮರಳಿ ಸೇರುತ್ತದೆ ಎಂದು ಒಂದೊಂದಾಗಿ ಹೇಳುತ್ತಾರೆ. ಏಳನೆಯದರ ಬಳಿ ಬೇವಿನ ಬೇರು, ಒಂಬತ್ತನೆಯದರ ಬಳಿ ಇಳಿಜಾರು. ನೋಡಿಕೊಂಡು ಹೇಳಲು ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಹಾರ್ಡ್‌ವೇರ್ ಮಾಲೀಕರು ಯಾವುದಕ್ಕೋ ಬೈಯಲು ಬಂದವರು, ನಿಂತು ನೋಡಿ, ಅಂಗಡಿಯಿಂದ ಅಡಿಕೋಲು ತರಿಸಿಕೊಡುತ್ತಾರೆ. "ಇದು ನಿಮ್ಮ ದಾರಿಗೆ ಒಪ್ಪಿಗೆ ಅಂತ ತಿಳ್ಕೋಬೇಡಿ. ಮುಂದಿನ ಸಭೇಲಿ ನನ್ನ ಜಗಳ ಇದ್ದೇ ಇದೆ," ಎಂದು ಹೇಳಿ ಹೋಗುತ್ತಾರೆ. ಮುಂದಿನ ಸಭೆ ಇರಲಿ ಎಂದು ಇಷ್ಟು ಆಸೆಪಟ್ಟ ವಿರೋಧಿಯನ್ನು ನೀವು ಮೂರು ಲೋಕ ಹುಡುಕಿದರೂ ಸಿಗುವುದಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಇಪ್ಪತ್ತೊಂಬತ್ತು ದಿನ ಬಾಕಿ ಇದೆ. ಶುಕ್ರವಾರ ಬೆಳಿಗ್ಗೆ ಐದಕ್ಕೆ ಗೆರೆಯಕ್ಕ ಮತ್ತೆ ಅಲ್ಲೇ ಇದ್ದಾರೆ. ನಾಲ್ಕನೆಯ ಜಾಲರಿಯ ಎದುರಿನ ಉಬ್ಬು ಲಾರಿ ಚಕ್ರಕ್ಕೆ ಸಿಕ್ಕಿ ಸವೆದಿದೆ, ಅದರ ಮೇಲೆ ಹೊಸ ಬಣ್ಣ ಹಾಕುತ್ತಿದ್ದಾರೆ. ಮುಖ ಬಾಡಿದೆ. ಮೇಲಿನವರ ಪತ್ರ ಬಂತೇ ಎಂದು ಇಂಜಿನಿಯರಿಗೆ ಬೆಳಗಾಗುವ ಮೊದಲೇ ಫೋನು ಮಾಡಿದ್ದರಂತೆ, ವಾರ್ಡಿನ ಉತ್ತರವನ್ನು ಇನ್ನೂ ಕಳಿಸಿಯೇ ಇಲ್ಲ.

ತಿಂಗಳಲ್ಲಿ ಅಳಿಸಬೇಕಾಗಬಹುದಾದ ಗೆರೆಗೆ ಯಾಕೆ ಬಣ್ಣ ಎಂದು ಕೇಳುತ್ತೇನೆ.

"ಮೂವತ್ತು ದಿನಾನೂ ಜನ ಓಡಾಡ್ತಾರಲ್ಲ," ಎನ್ನುತ್ತಾರೆ.

ಗಂಡ ಬ್ರೆಡ್ ಪೆಟ್ಟಿಗೆ ಹೇರಿಕೊಂಡು ಬರುತ್ತಾರೆ. ಹಸಿ ಬಣ್ಣ ಮುಟ್ಟದ ಹಾಗೆ, ಜಾಲರಿಯನ್ನೂ ಮುಟ್ಟದ ಹಾಗೆ, ಆ ಅರ್ಧ ಅಡಿಯಲ್ಲಿ ನುಸುಳಿ ಹೋಗುತ್ತಾರೆ. ಗೆರೆಯಕ್ಕ ಅವರ ಹಿಂದಿನ ಚಕ್ರ ದಾಟುವವರೆಗೂ ಕೈಯಲ್ಲಿದ್ದ ಗಾಜಿನ ಪುಡಿ ಉದುರಿಸುವುದಿಲ್ಲ. ಆಮೇಲೆ ಉದುರಿಸುತ್ತ, ನಾನು ಕೇಳದಿದ್ದರೂ ಹೇಳುತ್ತಾರೆ.

"ಅಳಿಸು ಅಂದ್ರೆ ಅಳಿಸ್ತೀನಿ, ಕೆಲಸ ಅದು. ಆದ್ರೆ ಮೊದ್ಲು ಇವಕ್ಕೆಲ್ಲ ಅಡ್ಡ ಸರಳಿನ ಜಾಲರಿ ಹಾಕ್ಸಿಕೊಡ್ಲಿ. ಅವತ್ತೇ ಬಂದು, ಯಾವ ಮೆಷಿನ್ನೂ ಎಳೀದಿರೋ ಅಷ್ಟು ನೆಟ್ಟಗೆ, ಈ ತುದಿಯಿಂದ ಆ ತುದಿಗೆ ಎಳೆದುಕೊಡ್ತೀನಿ." ಎದ್ದು ನಿಂತು, ಮಂಡಿಯ ಟೈರು ಸರಿ ಮಾಡಿಕೊಳ್ಳುತ್ತ, ಉಬ್ಬಿದ ಆ ಗೆರೆಯ ಉದ್ದಕ್ಕೂ ಒಮ್ಮೆ ನೋಡುತ್ತಾರೆ. "ಮತ್ತೆ, ದಿನಾ ಇದನ್ನ ನೋಡಿದ್ರೆ ನನ್ನ ಕಣ್ಣಿಗೆ ಹಿಂಸೆ ಆಗಲ್ಲ ಅಂದ್ಕೊಂಡ್ರಾ?"